ಮನೆಯ ಗಣಕ: ಒಗ್ಗಿಸಿಕೊಳ್ಳುವ ಬಗೆ, ಸರಿಪಡಿಸಿಕೊಳ್ಳುವ ಬಗೆ



ಸೈಕಲ್ಲಿನ ಚೈನು ಕಳಚಿಕೊಂಡರೆ ಯಾರೂ ಅದನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಓಡುವುದಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ, ಬೆರಳಿಗೆ ಮಸಿ ಹತ್ತಿದರೂ ಹತ್ತಲಿ ಎಂದು ಚೈನನ್ನು ಹಲ್ಲುಗಾಲಿಗೆ ಏರಿಸಿ ಮುಂದೆ ಹೋಗುತ್ತೇವೆ. ಸೀಟು ಎತ್ತರವಾಯಿತೆಂದರೆ ಸ್ಪ್ಯಾನರು ಹಿಡಿದು ಇಳಿಸಿಕೊಳ್ಳುತ್ತೇವೆ. ಆದರೆ ಮನೆಯ ಕಂಪ್ಯೂಟರಿನ ವಿಷಯದಲ್ಲಿ ನಮಗೆ ಈ ಧೈರ್ಯವಿರುವುದಿಲ್ಲ. ಅದು ನಿಧಾನವಾದರೆ ‘ಹಳೆಯದಾಯಿತು’ ಎನ್ನುತ್ತೇವೆ. ತೆರೆ ಕಪ್ಪಾದರೆ ‘ಸುಟ್ಟುಹೋಯಿತು’ ಎಂದು ಕೈಚೆಲ್ಲುತ್ತೇವೆ. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ, ಮನೆಯಲ್ಲಿರುವುದು ಒಂದೇ ಗಣಕ ಎಂಬಂಥ ಹೊತ್ತಿನಲ್ಲಿ ಈ ಅಸಹಾಯಕತೆ ಒಂದು ವರ್ಷವನ್ನೇ ನುಂಗಬಹುದು.

ಮನೆಯ ಗಣಕದ ತೊಂದರೆಗಳಲ್ಲಿ ಅನೇಕವು ಚೈನು ಕಳಚಿದಂಥವು. ಅವನ್ನು ಸರಿಪಡಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕ್ರಮವಾಗಿ ಯೋಚಿಸುವ ಅಭ್ಯಾಸ ಬೇಕು, ಎಲ್ಲಿ ಕೈಹಾಕಬಾರದು ಎಂಬ ಅರಿವೂ ಬೇಕು. ಈ ಎರಡನ್ನೂ ಇಲ್ಲಿ ನೋಡೋಣ. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ವಿಂಡೋಸ್ ಗಣಕಗಳಾದ್ದರಿಂದ ಉದಾಹರಣೆಗಳನ್ನು ಅದರಿಂದಲೇ ಆರಿಸಿಕೊಳ್ಳಲಾಗಿದೆ.

ಮೊದಲು ವಿಧಾನ, ಆಮೇಲೆ ಉಪಾಯ

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ 2 ಎಂಬ ಗಣಕ ತಪ್ಪುತಪ್ಪಾಗಿ ನಡೆಯತೊಡಗಿತು. ಹುಡುಕಿ ನೋಡಿದಾಗ ಅದರ ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು, ದಿನಚರಿ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ವೇಳೆಯನ್ನೂ ಗುರುತು ಹಾಕಿದರು. ದೋಷಕ್ಕೆ ‘ಬಗ್’, ಅಂದರೆ ಹುಳು, ಎಂಬ ಹೆಸರು ಅಂದೇ ಹುಟ್ಟಿತೆಂದು ಹೇಳುವುದುಂಟು. ಅದು ನಿಜವಲ್ಲ, ಎಂಜಿನಿಯರುಗಳು ಆ ಮಾತನ್ನು ಅದಕ್ಕೂ ಮುಂಚೆಯೇ ಬಳಸುತ್ತಿದ್ದರು. ಆದರೆ ಈ ಘಟನೆಯಿಂದ ಕಲಿಯಬೇಕಾದ ಪಾಠ ಹೆಸರಿನದಲ್ಲ, ಬರೆದಿಟ್ಟದ್ದರದು. ಏನು ಕೆಟ್ಟಿತು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದ ಮೇಲೆ ಸರಿಹೋಯಿತು ಎಂಬುದನ್ನು ಅವರು ದಾಖಲಿಸಿದರು.

ನೀವೂ ಗಣಕದ ಪಕ್ಕದಲ್ಲಿ ಒಂದು ಚಿಕ್ಕ ನೋಟುಪುಸ್ತಕವನ್ನಿಡಿ. ತೊಂದರೆ ಬಂದಾಗ ತೆರೆಯ ಮೇಲೆ ಕಾಣುವ ಸೂಚನೆಯನ್ನು ಅಕ್ಷರಶಃ ಬರೆದುಕೊಳ್ಳಿ, ಇಲ್ಲವೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯಿರಿ. ಅನಂತರ ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವಾಗಿನಿಂದ ಹೀಗಾಗಿದೆ? ಅದಕ್ಕೆ ಸ್ವಲ್ಪ ಮೊದಲು ಏನನ್ನು ಬದಲಿಸಲಾಗಿತ್ತು? ಪ್ರತಿಸಲವೂ ಆಗುತ್ತದೆಯೆ, ಆಗೊಮ್ಮೆ ಈಗೊಮ್ಮೆಯೆ? ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಇಂದು ಕೆಟ್ಟಿದ್ದರೆ, ನಿನ್ನೆಗೂ ಇಂದಿಗೂ ನಡುವೆ ಏನೋ ಬದಲಾಗಿರಲೇಬೇಕು.

ಎರಡನೆಯ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಕಡೆ ಒಟ್ಟಿಗೆ ಕೈಯಾಡಿಸಿ ಗಣಕ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಇನ್ನಷ್ಟು ಕೆಟ್ಟರೆ ಹಿಂದಕ್ಕೆ ಬರುವ ದಾರಿಯೂ ತಿಳಿಯುವುದಿಲ್ಲ.

ಮೂರನೆಯದು ಅರ್ಧಿಸುವ ವಿಧಾನ. ಗಣಕ ಹೊತ್ತಿಕೊಂಡೊಡನೆ ತಾವಾಗಿ ಆರಂಭವಾಗುವ 16 ಪ್ರೋಗ್ರಾಮುಗಳಿವೆ, ಅವುಗಳಲ್ಲಿ ಒಂದು ತೊಂದರೆ ಕೊಡುತ್ತಿದೆ ಎಂದುಕೊಳ್ಳಿ. ಒಂದೊಂದಾಗಿ ಹುಡುಕಿದರೆ 15 ಸಲ ಪರೀಕ್ಷಿಸಬೇಕಾಗಬಹುದು. ಅದರ ಬದಲು 8ನ್ನು ನಿಲ್ಲಿಸಿ ನೋಡಿ. ತೊಂದರೆ ಹೋದರೆ ಕಳ್ಳ ಆ ಎಂಟರಲ್ಲಿದ್ದಾನೆ. ಹೋಗದಿದ್ದರೆ ಉಳಿದ ಎಂಟರಲ್ಲಿ. ಅನಂತರ 4, ಆಮೇಲೆ 2, ಕೊನೆಗೆ 1. ನಾಲ್ಕೇ ಪರೀಕ್ಷೆಯಲ್ಲಿ ಉತ್ತರ ಸಿಕ್ಕಿತು! ಗಣಿತದಲ್ಲಿ ನೀವು ಕಲಿತ 2ರ ಘಾತಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ದೋಷವಲ್ಲದ ದೋಷಗಳು

ಕೆಲವು ತೊಂದರೆಗಳು ತೊಂದರೆಗಳೇ ಅಲ್ಲ. ಗೊತ್ತಿಲ್ಲದೆ ಒತ್ತಿದ ಕೀಲಿಯ ಫಲ. ಕೀಲಿಮಣೆಯ ಬಲಬದಿಯ ಅಂಕಿಗಳು ಮೂಡುತ್ತಿಲ್ಲವೆಂದರೆ ನಮ್‌ಲಾಕ್ ಕೀಲಿ ಆರಿರುತ್ತದೆ. ಹೊಸ ಅಕ್ಷರ ಬರೆದಂತೆ ಮುಂದಿನ ಅಕ್ಷರ ಅಳಿಸಿಹೋಗುತ್ತಿದ್ದರೆ ಇನ್ಸರ್ಟ್ ಕೀಲಿಯನ್ನು ಒಮ್ಮೆ ಒತ್ತಿ ನೋಡಿ. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯವೂ, ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬುದೂ ಎಚ್ಚರಗೊಳ್ಳುತ್ತವೆ. ಕೈಬೆರಳು ಸುಲಭವಾಗಿ ಆಡದವರಿಗೆ ಇವು ವರದಾನ. ತಿಳಿಯದೆ ಚಾಲೂ ಮಾಡಿಕೊಂಡವರಿಗೆ ಮಾತ್ರ ಕೀಲಿಮಣೆಯೇ ಕೆಟ್ಟಂತೆ ಕಾಣುತ್ತದೆ. ಅಂತರಜಾಲದ ಪುಟದಲ್ಲಿ ಅಕ್ಷರಗಳು ಇದ್ದಕ್ಕಿದ್ದಂತೆ ಹಿಗ್ಗಿದರೆ ಕಂಟ್ರೋಲ್ ಕೀಲಿ ಹಿಡಿದು ಸೊನ್ನೆಯನ್ನು ಒತ್ತಿ. ಅವು ಮೊದಲಿನ ಅಳತೆಗೆ ಬರುತ್ತವೆ.

ನಮಗೆ ತಕ್ಕಂತೆ ಒಗ್ಗಿಸಿಕೊಳ್ಳುವುದು

1995ರ ಆಗಸ್ಟ್ 24ರಂದು ವಿಂಡೋಸ್ 95 ಮಾರುಕಟ್ಟೆಗೆ ಬಂದಾಗ ಸ್ಟಾರ್ಟ್ ಗುಂಡಿ, ಕೆಳಗಿನ ಟಾಸ್ಕ್‌ಬಾರ್ ಮುಂತಾದವು ಮೊದಲ ಬಾರಿಗೆ ಕಾಣಿಸಿಕೊಂಡವು. ಬಹುಮಂದಿ ಅಂದಿನಿಂದಲೂ ಬದಲಿಸುವುದು ಹಿನ್ನೆಲೆಯ ಚಿತ್ರವೊಂದನ್ನೇ. ಅದಕ್ಕಿಂತ ಉಪಯುಕ್ತವಾದ ಬದಲಾವಣೆಗಳು ಬೇರೆ ಇವೆ.

ಮೊದಲನೆಯದು ಕಣ್ಣಿಗೆ ಸಂಬಂಧಿಸಿದ್ದು. ಚಪ್ಪಟೆ ತೆರೆಗಳಲ್ಲಿ ಚಿತ್ರಬಿಂದುಗಳ ಸಂಖ್ಯೆ ಕಾರ್ಖಾನೆಯಲ್ಲಿಯೇ ನಿಗದಿಯಾಗಿರುತ್ತದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುವ ತೆರೆಯಲ್ಲಿ ಒಟ್ಟು 20,73,600 ಬಿಂದುಗಳಿವೆ. ಅಕ್ಷರ ದೊಡ್ಡದಾಗಲೆಂದು ಈ ಸಂಖ್ಯೆಯನ್ನು ಕಡಿಮೆ ಮಾಡಿದರೆ ಒಂದು ಬಿಂದುವಿನ ಬಣ್ಣವನ್ನು ಒಂದೂಕಾಲು, ಒಂದೂವರೆ ಬಿಂದುಗಳ ಮೇಲೆ ಹರಡಬೇಕಾಗಿ ಅಕ್ಷರಗಳ ಅಂಚು ಮಸುಕಾಗುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ‘ಶಿಫಾರಸು ಮಾಡಿದ್ದು’ ಎಂದು ತೋರಿಸುವ ಬಿಂದುಸಂಖ್ಯೆಯನ್ನೇ ಉಳಿಸಿಕೊಂಡು, ಸ್ಕೇಲ್ ಎಂಬಲ್ಲಿ 125 ಅಥವಾ 150 ಪ್ರತಿಶತವನ್ನು ಆರಿಸಿ. ಅಕ್ಷರ ದೊಡ್ಡದೂ ಆಗುತ್ತದೆ, ಸ್ಪಷ್ಟವಾಗಿಯೂ ಇರುತ್ತದೆ.

ಎರಡನೆಯದು ರಕ್ಷಣೆಗೆ ಸಂಬಂಧಿಸಿದ್ದು. ಪ್ರತಿ ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಒಂದು ಬಾಲವಿರುತ್ತದೆ. ಈ ಫೈಲು ಚಿತ್ರವೆ, ಪತ್ರವೆ, ಇಲ್ಲವೆ ಗಣಕಕ್ಕೆ ಆದೇಶ ಕೊಡಬಲ್ಲ ಪ್ರೋಗ್ರಾಮೆ ಎಂಬುದನ್ನು ಆ ಬಾಲವೇ ಹೇಳುತ್ತದೆ. ವಿಂಡೋಸ್ ಇದನ್ನು ಸಾಮಾನ್ಯವಾಗಿ ಮರೆಮಾಡಿಯೇ ಇಡುತ್ತದೆ. ಇದರ ದುಷ್ಪರಿಣಾಮವನ್ನು ಜಗತ್ತು 2000ದ ಮೇ ತಿಂಗಳಲ್ಲಿ ಕಂಡಿತು. ‘ಐ ಲವ್ ಯೂ’ ಎಂಬ ಶೀರ್ಷಿಕೆಯ ಮಿಂಚಂಚೆಯೊಡನೆ ಪ್ರೇಮಪತ್ರದಂತೆ ತೋರುವ ಫೈಲೊಂದು ಬಂತು. ಅದರ ಹೆಸರು ‘ಟಿಎಕ್ಸ್‌ಟಿ’ ಎಂದು ಮುಗಿಯುವಂತೆ ಕಂಡದ್ದರಿಂದ ಜನ ಅದನ್ನು ಬರಿಯ ಬರಹವೆಂದು ತೆರೆದರು. ಆದರೆ ಅದಕ್ಕೆ ‘ವಿಬಿಎಸ್’ ಎಂಬ ಎರಡನೆಯ, ಕಣ್ಣಿಗೆ ಬೀಳದ ಬಾಲವಿತ್ತು! ತೆರೆದೊಡನೆ ಅದು ಪ್ರೋಗ್ರಾಮಿನಂತೆ ನಡೆದು, ಫೈಲುಗಳನ್ನು ಹಾಳುಮಾಡಿ, ಗಣಕದ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ನಕಲನ್ನು ಕಳುಹಿಸಿತು. ಫೈಲ್ ಎಕ್ಸ್‌ಪ್ಲೋರರನ್ನು ತೆರೆದು ವ್ಯೂ ಎಂಬಲ್ಲಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಬಾಲಗಳೆಲ್ಲ ಕಾಣತೊಡಗುತ್ತವೆ. ವಿಂಡೋಸ್ 11ರಲ್ಲಿ ಇದು ವ್ಯೂ ಪಟ್ಟಿಯ ಶೋ ಎಂಬುದರ ಒಳಗಿದೆ. ಅಂಕಪಟ್ಟಿಯೆಂದು ಬಂದ ಫೈಲಿನ ಬಾಲ ‘ಇಎಕ್ಸ್‌ಇ’ ಎಂದಿದ್ದರೆ ಅದನ್ನು ಮುಟ್ಟಬಾರದು.

ಮೂರನೆಯದಾಗಿ, ದಿನನಿತ್ಯದ ಕೆಲಸಕ್ಕೆ ಸಾಧಾರಣ ಬಳಕೆದಾರನ ಖಾತೆಯೊಂದನ್ನು ಮಾಡಿಕೊಂಡು, ಆಡಳಿತಗಾರನ ಖಾತೆಯನ್ನು ತಂತ್ರಾಂಶ ಹಾಕುವಾಗ ಮಾತ್ರ ಬಳಸಿ. ತಮ್ಮ ತಂಗಿಯರಿಗೆ ಬೇರೆ ಖಾತೆಗಳಿದ್ದರೆ ಒಬ್ಬರ ಬದಲಾವಣೆ ಇನ್ನೊಬ್ಬರನ್ನು ಕಾಡುವುದಿಲ್ಲ.

ಕನ್ನಡ ಅಕ್ಷರಗಳು ಕಲಸಿಹೋದಾಗ

ಕಚೇರಿಯಿಂದಲೋ ಗುರುಗಳಿಂದಲೋ ಬಂದ ಕನ್ನಡ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ವಿಚಿತ್ರ ಚಿಹ್ನೆಗಳು! ಇದು ನಮ್ಮ ನಾಡಿನ ಗಣಕಗಳಲ್ಲಿ ಕಾಣುವ ತೊಂದರೆ. ವೈರಸ್ ಬಂತೆಂದು ಕೆಲವರು ಕಡತವನ್ನೇ ಅಳಿಸಿಬಿಡುತ್ತಾರೆ. ಕಾರಣ ತಿಳಿದರೆ ಹೀಗೆ ಮಾಡಬೇಕಾಗಿಲ್ಲ.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ 256 ಸ್ಥಾನಗಳನ್ನೇ ತೆಗೆದುಕೊಂಡು, ಅವುಗಳ ಮೇಲೆ ಕನ್ನಡದ ಅಕ್ಷರಭಾಗಗಳನ್ನೂ ಒತ್ತುಗಳನ್ನೂ ಕೂರಿಸಿದ್ದವು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು, ಅಂದರೆ ಫಾಂಟುಗಳು, ಈ ಬಗೆಯವು. ಆ ಫಾಂಟು ಇರುವ ಗಣಕದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಗಣಕದಲ್ಲಿ ಅದೇ ಸಂಖ್ಯೆಗಳು ತಮ್ಮ ಮೂಲ ರೋಮನ್ ರೂಪದಲ್ಲಿ ಹೊರಬರುತ್ತವೆ. ಕಡತ ಕೆಟ್ಟಿಲ್ಲ, ಅದನ್ನು ಓದುವ ಕನ್ನಡಕ ಇಲ್ಲ, ಅಷ್ಟೆ.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಈ ಗೊಂದಲಕ್ಕೆ ಪರಿಹಾರ. 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. ಅದರಲ್ಲಿ ‘ಅ’ ಅಕ್ಷರದ ಸಂಖ್ಯೆ 3205, ‘ಕ’ ಅಕ್ಷರದ ಸಂಖ್ಯೆ 3221. ಬೇರೆ ಯಾವ ಭಾಷೆಯ ಅಕ್ಷರಕ್ಕೂ ಈ ಸಂಖ್ಯೆಗಳಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಡನೆಯೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟು ಬಂದಿತ್ತು. ಹಳೆಯ ಕಡತ ಕಲಸಿ ಕಂಡರೆ ಅದಕ್ಕೆ ತಕ್ಕ ಫಾಂಟನ್ನು ಹಾಕಿಕೊಳ್ಳಿ, ಇಲ್ಲವೆ ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯೂನಿಕೋಡಿಗೆ ಬದಲಾಯಿಸಿ. ನೀವು ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲಿಯೇ ಇರಲಿ. ಆಗ ಹುಡುಕಿದ ಪದ ಸಿಗುತ್ತದೆ, ಮೊಬೈಲಿನಲ್ಲಿಯೂ ತೆರೆಯುತ್ತದೆ.

ಕನ್ನಡ ಕೀಲಿಮಣೆಯನ್ನು ಪಡೆಯಲು ಸೆಟ್ಟಿಂಗ್ಸ್‌ನ ‘ಟೈಮ್ ಅಂಡ್ ಲ್ಯಾಂಗ್ವೇಜ್’ ಎಂಬಲ್ಲಿ ಕನ್ನಡವನ್ನು ಸೇರಿಸಿದರೆ ಸಾಕು. ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಸ್ಪೇಸ್‌ಬಾರ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಹೋಗಿಬರಬಹುದು. ಕೆ.ಪಿ. ರಾವ್ ಅವರು ರೂಪಿಸಿದ, ಧ್ವನಿಯನ್ನು ಅನುಸರಿಸುವ ವಿನ್ಯಾಸದ ರೂಢಿಯಿರುವವರು ಅದನ್ನು ಒದಗಿಸುವ ತಂತ್ರಾಂಶವನ್ನು ಬಳಸಬಹುದು.

ಗಣಕ ನಿಧಾನವಾದಾಗ

ಗಣಕಕ್ಕೆ ಎರಡು ಬಗೆಯ ಸ್ಮರಣೆ ಇದೆ. ಕೆಲಸ ನಡೆಯುವಾಗ ಮಾತ್ರ ಬಳಸುವ ರ್‍ಯಾಮ್ ಒಂದು. ವಿದ್ಯುತ್ತು ಹೋದರೂ ಉಳಿಯುವ ಡಿಸ್ಕು ಇನ್ನೊಂದು. ರ್‍ಯಾಮಿನಿಂದ ಮಾಹಿತಿ ಸಿಗಲು ಹೆಚ್ಚುಕಡಿಮೆ 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಕಥೆ ಬೇರೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಬೇಕು. ಸೂಜಿ ಸರಿಯುವ ಹೊತ್ತನ್ನೂ ಸೇರಿಸಿದರೆ ಸುಮಾರು 10 ಮಿಲಿಸೆಕೆಂಡು. ಇದು ರ್‍ಯಾಮಿನ ಲಕ್ಷಪಟ್ಟು! ಮೇಜಿನ ಮೇಲಿನ ಪುಸ್ತಕವನ್ನು ಒಂದು ಸೆಕೆಂಡಿನಲ್ಲಿ ಎತ್ತಿಕೊಳ್ಳುವಿರಾದರೆ, ಇದು ಒಂದು ದಿನಕ್ಕೂ ಹೆಚ್ಚು ಪ್ರಯಾಣ ಮಾಡಿ ಅದನ್ನು ತಂದಂತೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕು ಇದೇ ಲೆಕ್ಕದಲ್ಲಿ ಕಾಲು ಗಂಟೆಯಲ್ಲಿ ತಂದುಕೊಡುತ್ತದೆ.

ರ್‍ಯಾಮ್ ತುಂಬಿಹೋದಾಗ ಗಣಕ ಡಿಸ್ಕಿನ ಒಂದು ಭಾಗವನ್ನೇ ರ್‍ಯಾಮಿನಂತೆ ಬಳಸತೊಡಗುತ್ತದೆ. ನಿಧಾನವಾಗುವುದು ಆಗ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ಎಂಬಲ್ಲಿ ಸದಾ 90 ಪ್ರತಿಶತಕ್ಕಿಂತ ಹೆಚ್ಚಿದ್ದರೆ ರ್‍ಯಾಮ್ ಸಾಲದು. ಮೆಮೊರಿ ಕಡಿಮೆಯಿದ್ದು ಡಿಸ್ಕು 100 ಪ್ರತಿಶತ ತೋರಿಸುತ್ತಿದ್ದರೆ ಡಿಸ್ಕಿನಲ್ಲಿಯೇ ಅಡಚಣೆ. ಅದೇ ಕಿಟಕಿಯ ಸ್ಟಾರ್ಟಪ್ ವಿಭಾಗದಲ್ಲಿ, ತಾವಾಗಿ ಏಳುವ ಪ್ರೋಗ್ರಾಮುಗಳ ಪಟ್ಟಿ ಇದೆ. ಬೇಡವಾದದ್ದನ್ನು ಡಿಸೇಬಲ್ ಮಾಡಿ. ಇದರಿಂದ ಪ್ರೋಗ್ರಾಮು ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ವೈರಸ್ ತಡೆಯುವ ತಂತ್ರಾಂಶವನ್ನು ಮಾತ್ರ ನಿಲ್ಲಿಸಬೇಡಿ.

ಇನ್ನೊಂದು ಸ್ವಾರಸ್ಯ. 2012ರ ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಮಾಡಿದರೆ ಗಣಕ ಪೂರ್ತಿಯಾಗಿ ನಿದ್ರಿಸದಿರಬಹುದು. ಬೇಗ ಏಳಲೆಂದು ಅದು ತನ್ನ ಒಳವ್ಯವಸ್ಥೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಾರನೆಯ ದಿನ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ನಿನ್ನೆಯ ಗೋಜಲೂ ಅದರೊಡನೆ ಮರಳಬಹುದು. ‘ರೀಸ್ಟಾರ್ಟ್’ ಎಂದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ತೊಂದರೆ ಬಂದಾಗ ಆರಿಸಿ ಹೊತ್ತಿಸುವುದಕ್ಕಿಂತ ರೀಸ್ಟಾರ್ಟ್ ಮಾಡುವುದೇ ಸರಿ.

ಡಿಸ್ಕು ತುಂಬಿ ತುಳುಕದಂತೆಯೂ ನೋಡಿಕೊಳ್ಳಿ. ಹೊಸ 1 ಟೆರಾಬೈಟಿನ ಡಿಸ್ಕು ವಿಂಡೋಸಿನಲ್ಲಿ 931 ಗಿಗಾಬೈಟೆಂದು ಕಂಡರೆ ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಸಾವಿರ ಸಾವಿರದಂತೆ ಲೆಕ್ಕ ಹಿಡಿದರೆ ವಿಂಡೋಸ್ 1024ರಂತೆ ಭಾಗಿಸುತ್ತದೆ. ಲೆಕ್ಕ ಮಾಡಿ ನೋಡಿ.

ಧೂಳನ್ನೂ ಮರೆಯಬೇಡಿ. ಪ್ರೊಸೆಸರು ಅತಿಯಾಗಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಇನ್ನೂ ಕಾದರೆ ಗಣಕ ತಟ್ಟನೆ ಆರಿಹೋಗುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚಬಾರದು. ದೊಡ್ಡ ಗಣಕದ ಧೂಳು ತೆಗೆಯುವಾಗ ಪ್ಲಗ್ಗನ್ನು ಕಿತ್ತಿಟ್ಟು, ಫ್ಯಾನಿನ ಅಲಗು ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಬ್ರಷ್ಷಿನಿಂದ ಹಗುರವಾಗಿ ಗುಡಿಸಬೇಕು.

ಗಣಕ ಏಳದಿದ್ದಾಗ

ಇಲ್ಲಿ ವಿದ್ಯುತ್ತಿನ ದಾರಿಯನ್ನೇ ಅನುಸರಿಸಿ ಹೋಗಬೇಕು. ಗೋಡೆಯ ಸಾಕೆಟ್ಟಿನಲ್ಲಿ ವಿದ್ಯುತ್ತಿದೆಯೆ? ಮೇಜಿನ ದೀಪವೊಂದನ್ನು ಅಲ್ಲಿ ಹಾಕಿ ನೋಡಿ. ಯುಪಿಎಸ್ ಕೆಲಸ ಮಾಡುತ್ತಿದೆಯೆ? ಹಿಂಬದಿಯ ಸ್ವಿಚ್ಚು ಸರಿಯಿದೆಯೆ? ಫ್ಯಾನು ತಿರುಗುವ ಸದ್ದಿದ್ದೂ ತೆರೆ ಕಪ್ಪಾಗಿದ್ದರೆ ತೆರೆಯ ತಂತಿಯ ಎರಡೂ ತುದಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿ.

1981ರ ಐಬಿಎಂ ಪಿಸಿಯ ಕಾಲದಿಂದಲೂ ಗಣಕ ಎದ್ದೊಡನೆ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ದೋಷವಿದ್ದರೆ ಬೀಪ್ ಸದ್ದಿನಿಂದಲೋ ಮಿನುಗುವ ದೀಪದಿಂದಲೋ ಸೂಚಿಸುತ್ತದೆ. ಸದ್ದುಗಳನ್ನು ಎಣಿಸಿ ಬರೆದುಕೊಳ್ಳಿ. ಅವುಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾದ್ದರಿಂದ ಗಣಕದೊಡನೆ ಬಂದ ಕೈಪಿಡಿಯನ್ನು ನೋಡಬೇಕು. ರ್‍ಯಾಮ್ ಪಟ್ಟಿ ಸಡಿಲವಾಗಿರುವುದೂ ಒಂದು ಸಾಮಾನ್ಯ ಕಾರಣ. ವಾರಂಟಿ ಮುಗಿದಿದ್ದರೆ, ಪ್ಲಗ್ಗು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಯ ಅಂಚನ್ನು ಹಿಡಿದು ತೆಗೆದು ‘ಟಕ್’ ಎನ್ನುವಂತೆ ಮತ್ತೆ ಕೂರಿಸಿ. ಹೊಳೆಯುವ ತುದಿಗಳಿಗೆ ಬೆರಳು ತಾಗಬಾರದು. ರಬ್ಬರಿನಿಂದ ಉಜ್ಜುವ ರೂಢಿಯುಂಟು. ಆದರೆ ಅದರ ಪುಡಿ ಸೀಳಿನಲ್ಲಿ ಉಳಿದರೆ ಹೊಸ ತೊಂದರೆ ಹುಟ್ಟುತ್ತದೆ.

ಗಣಕ ಎದ್ದರೂ ವಿಂಡೋಸ್ ತೊದಲುತ್ತಿದ್ದರೆ ಸೇಫ್ ಮೋಡ್ ಎಂಬ ದಾರಿಯಿದೆ. ಇದರಲ್ಲಿ ಅತ್ಯವಶ್ಯವಾದ ತಂತ್ರಾಂಶಗಳು ಮಾತ್ರ ನಡೆಯುತ್ತವೆ. ಶಿಫ್ಟ್ ಕೀಲಿಯನ್ನು ಹಿಡಿದು ರೀಸ್ಟಾರ್ಟ್ ಒತ್ತಿದರೆ ಬರುವ ಟ್ರಬಲ್‌ಶೂಟ್ ವಿಭಾಗದ ಮೂಲಕ ಅಲ್ಲಿಗೆ ಹೋಗಬಹುದು. ಸೇಫ್ ಮೋಡಿನಲ್ಲಿ ಗಣಕ ಚೆನ್ನಾಗಿ ನಡೆದರೆ ದೋಷ ಬಹುಮಟ್ಟಿಗೆ ಯಂತ್ರದಲ್ಲಿಲ್ಲ, ನಾವು ಸೇರಿಸಿದ ತಂತ್ರಾಂಶದಲ್ಲಿದೆ ಎಂದು ತಿಳಿಯಬಹುದು. ಇದೂ ಅರ್ಧಿಸುವ ವಿಧಾನವೇ. ಸಿಸ್ಟಂ ರಿಸ್ಟೋರ್ ಎಂಬ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ನಿಮ್ಮ ಪತ್ರ, ಚಿತ್ರಗಳನ್ನು ಮುಟ್ಟದೆ ವ್ಯವಸ್ಥೆಯನ್ನು ಮಾತ್ರ ಹಿಂದಿನ ದಿನದ ಸ್ಥಿತಿಗೆ ತರಬಹುದು.

ಗಡಿಯಾರ ತಪ್ಪಿದರೆ ಜಾಲವೂ ತಪ್ಪುತ್ತದೆ

ಬೆಳಿಗ್ಗೆ ಗಣಕ ಹೊತ್ತಿಸಿದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಬ್ಯಾಂಕಿನ ಪುಟ, ಪರೀಕ್ಷಾಮಂಡಳಿಯ ಪುಟ ಯಾವುದೂ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಇವೆರಡಕ್ಕೂ ಏನು ಸಂಬಂಧ? ಸುರಕ್ಷಿತ ಜಾಲತಾಣಕ್ಕೆ ಒಂದು ಪ್ರಮಾಣಪತ್ರವಿರುತ್ತದೆ. ಬಸ್ಸಿನ ಪಾಸಿನಂತೆ ಅದಕ್ಕೂ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ. ಗಣಕದ ಗಡಿಯಾರ ಹಿಂದಿದ್ದರೆ ಪಾಸು ಇನ್ನೂ ಜಾರಿಗೇ ಬಂದಿಲ್ಲವೆಂದು ಅದು ಬಗೆಯುತ್ತದೆ.

ಗಣಕ ಆರಿರುವಾಗಲೂ ಈ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ. ಸಾಮಾನ್ಯವಾಗಿ ಇದು ಸಿಆರ್ 2032 ಎಂಬ ಬಗೆಯದು: 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸೊರಗಿದಾಗ ಪ್ಲಗ್ಗು ಕಿತ್ತು ಬದಲಿಸಬಹುದು. ಹಳೆಯ ಬ್ಯಾಟರಿ ಚಿಕ್ಕಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ.

ಅಂತರಜಾಲ ಸಿಗದಿದ್ದಾಗ

1983ರಲ್ಲಿ ಮೈಕ್ ಮೂಸ್ ಎಂಬವರು ಬರೆದ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮು ಇಂದಿಗೂ ಅತ್ಯುತ್ತಮ ಪರೀಕ್ಷಾ ಸಾಧನ. ಜಲಾಂತರ್ಗಾಮಿಯನ್ನು ಪತ್ತೆಮಾಡುವ ಸೋನಾರ್ ಸದ್ದಿನ ಹೆಸರನ್ನೇ ಅದಕ್ಕಿಟ್ಟರು. ಇದು ಒಂದು ವಿಳಾಸಕ್ಕೆ ಕೂಗುಹಾಕಿ ಮಾರ್ದನಿ ಬರುವುದೇ ಎಂದು ಕಾಯುತ್ತದೆ. ಕಮಾಂಡ್ ಪ್ರಾಂಪ್ಟನ್ನು ತೆರೆದು ಪಿಂಗ್ ಎಂಬುದರ ಮುಂದೆ ವಿಳಾಸವನ್ನು ಬರೆಯಬೇಕು.

ಮೊದಲು 127.0.0.1. ಇದು ನಿಮ್ಮ ಗಣಕದ್ದೇ ವಿಳಾಸ. ಅನಂತರ ಮನೆಯ ರೌಟರಿನ ವಿಳಾಸ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇಲ್ಲಿ ಮಾರ್ದನಿ ಬರದಿದ್ದರೆ ದೋಷ ಮನೆಯೊಳಗೇ ಇದೆ: ವೈಫೈ, ತಂತಿ, ಇಲ್ಲವೆ ರೌಟರು. ಮೂರನೆಯದಾಗಿ ಹೊರಗಿನ 8.8.8.8. ರೌಟರು ಉತ್ತರಿಸಿ ಇದು ಉತ್ತರಿಸದಿದ್ದರೆ ಸಂಪರ್ಕ ಕೊಡುವ ಸಂಸ್ಥೆಗೆ ದೂರು ಹೇಳಬಹುದು. ಕೊನೆಗೆ ಯಾವುದಾದರೂ ತಾಣದ ಹೆಸರು. ಸಂಖ್ಯೆಗೆ ಉತ್ತರ ಬಂದು ಹೆಸರು ಪತ್ತೆಯೇ ಆಗದಿದ್ದರೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಎಂಬ ದೂರವಾಣಿ ಪುಸ್ತಕ ಕೆಲಸ ಮಾಡುತ್ತಿಲ್ಲ. ನಾಲ್ಕೇ ಹೆಜ್ಜೆಯಲ್ಲಿ ದೋಷದ ಊರು ತಿಳಿಯಿತು.

ಕೈಹಾಕಬಾರದ ಜಾಗಗಳು

ಗಣಕದ ಪವರ್ ಸಪ್ಲೈ ಪೆಟ್ಟಿಗೆಯನ್ನು ಎಂದೂ ಬಿಚ್ಚಬಾರದು. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಅದರೊಳಗೆ ಸುಮಾರು 325 ವೋಲ್ಟಿನ ನೇರಪ್ರವಾಹವಾಗುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಪೆಟ್ಟಿಗೆಯ ಲೋಹವನ್ನು ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅದನ್ನು ‘ಮಾಮೂಲು’ ಎಂದು ಬಿಡಬೇಡಿ. ಸಪ್ಲೈಯೊಳಗಿನ ಶೋಧಕದಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಹರಿದುಹೋಗಬೇಕು. ಹೋಗುತ್ತಿಲ್ಲವೆಂದರೆ ಅರ್ಥಿಂಗ್ ಸರಿಯಿಲ್ಲ. ಮುಂದೆ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಯುವುದು ಆ ತಂತಿಯೊಂದೇ. ಕೂಡಲೆ ವಿದ್ಯುತ್ ಕೆಲಸ ಬಲ್ಲವರಿಂದ ತೋರಿಸಬೇಕು. ಗುಡುಗುಸಿಡಿಲಿನ ಹೊತ್ತಿನಲ್ಲಿ ಗಣಕದ ಪ್ಲಗ್ಗನ್ನೂ ರೌಟರಿನ ತಂತಿಯನ್ನೂ ಮುಂಚಿತವಾಗಿಯೇ ಕಿತ್ತಿಡಬೇಕು.

ತಂತ್ರಾಂಶದಲ್ಲಿಯೂ ಇಂಥ ಜಾಗಗಳಿವೆ. ‘ನಿಮ್ಮ ಗಣಕದಲ್ಲಿ ವೈರಸ್ ಇದೆ, ಈ ಸಂಖ್ಯೆಗೆ ಕರೆಮಾಡಿ’ ಎಂದು ತೆರೆಯ ಮೇಲೆ ಬರುವ ಸೂಚನೆ ವಂಚಕರದು. ಗಣಕವನ್ನು ಹತ್ತುಪಟ್ಟು ವೇಗಗೊಳಿಸುವುದಾಗಿ ಹೇಳುವ ಉಚಿತ ತಂತ್ರಾಂಶಗಳನ್ನೂ, ಕದ್ದ ಪ್ರತಿಗಳನ್ನೂ ದೂರವಿಡಿ. ತಯಾರಕರು ಕೊಡುವ ಪರಿಷ್ಕರಣೆಗಳನ್ನು ಮಾತ್ರ ಮುಂದೂಡಬೇಡಿ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ಅಸಂಖ್ಯ ಗಣಕಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಪರಿಷ್ಕರಣೆ ಅದೇ ವರ್ಷದ ಮಾರ್ಚಿಯಲ್ಲಿಯೇ ಬಂದಿತ್ತು! ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೊಸ ವಿಂಡೋಸನ್ನು ಹೊರಲಾರದ ಹಳೆಯ ಗಣಕಕ್ಕೆ ಉಚಿತವಾದ ಲಿನಕ್ಸ್ ಒಂದು ಒಳ್ಳೆಯ ದಾರಿ. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಹಾಕಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ನಕಲು

ಈ ಲೇಖನದ ಬೇರೆಲ್ಲ ಮಾತನ್ನು ಮರೆತರೂ ಇದೊಂದನ್ನು ಮರೆಯಬಾರದು. ರ್‍ಯಾಮ್ ಕೆಟ್ಟರೆ ಹೊಸದು ಸಿಗುತ್ತದೆ, ಡಿಸ್ಕು ಕೆಟ್ಟರೂ ಹೊಸದು ಸಿಗುತ್ತದೆ. ನೀವು ಆರು ತಿಂಗಳು ದುಡಿದು ಬರೆದ ಪ್ರಬಂಧ, ಅಜ್ಜಿಯ ಒಂದೇ ಒಂದು ಚಿತ್ರ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ಸೂಜಿ ತಟ್ಟೆಯಿಂದ ಕೆಲವೇ ನ್ಯಾನೊಮೀಟರು ಮೇಲೆ ತೇಲುತ್ತಿರುತ್ತದೆ. ‘ಟಿಕ್ ಟಿಕ್’ ಎಂಬ ಹೊಸ ಸದ್ದು ಕೇಳಿದರೆ ಬೇರೆ ಯಾವ ಪ್ರಯೋಗವನ್ನೂ ಮಾಡದೆ ಮುಖ್ಯ ಫೈಲುಗಳನ್ನು ಮೊದಲು ನಕಲಿಸಿಕೊಂಡು ಗಣಕವನ್ನು ಆರಿಸಬೇಕು.

ಬಲ್ಲವರು ಹೇಳುವ ಸೂತ್ರ 3-2-1. ಒಟ್ಟು ಮೂರು ಪ್ರತಿಗಳು. ಎರಡು ಬೇರೆಬೇರೆ ಬಗೆಯ ಸಾಧನಗಳಲ್ಲಿ. ಅದರಲ್ಲಿ ಒಂದು ಮನೆಯ ಹೊರಗೆ, ಅಂದರೆ ಅಂತರಜಾಲದ ಸಂಗ್ರಹದಲ್ಲಿ ಅಥವಾ ನೆಂಟರ ಮನೆಯಲ್ಲಿ. ನಕಲಿನ ಡಿಸ್ಕನ್ನು ಸದಾ ಗಣಕಕ್ಕೆ ಸಿಕ್ಕಿಸಿಡಬೇಡಿ. ಬೀಗ ಜಡಿಯುವ ಪಿಡುಗು ಅದನ್ನೂ ಬಿಡುವುದಿಲ್ಲ. ಆಗಾಗ ಒಂದು ಫೈಲನ್ನು ನಕಲಿನಿಂದ ತೆರೆದು ನೋಡಿ. ತೆರೆಯಲಾಗದ ನಕಲು ಇದ್ದೂ ಇಲ್ಲದಂತೆ.

ನೀವೇ ಮಾಡಿ ನೋಡಿ

1. ನಿಮ್ಮ ಮುಖ್ಯ ಫೈಲುಗಳು ಎಷ್ಟು ಕಡೆ ಇವೆ ಎಂದು ಪಟ್ಟಿ ಮಾಡಿ. ಒಂದೇ ಕಡೆ ಇದ್ದರೆ ಇಂದೇ ಎರಡನೆಯ ಪ್ರತಿ ಮಾಡಿ. ಉಳಿದ ಪ್ರಯೋಗಗಳು ಅದಾದ ಮೇಲೆ.

2. ಗಣಕ ಹೊತ್ತಿಸಿದಾಗಿನಿಂದ ಬಳಕೆಗೆ ಸಿದ್ಧವಾಗುವವರೆಗಿನ ಹೊತ್ತನ್ನು ಗಡಿಯಾರ ಹಿಡಿದು ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಸ್ಟಾರ್ಟಪ್ ಪಟ್ಟಿಯಿಂದ ಬೇಡವಾದ ಪ್ರೋಗ್ರಾಮುಗಳನ್ನು ನಿಲ್ಲಿಸಿ ಮತ್ತೆ ಅಳೆಯಿರಿ. ವ್ಯತ್ಯಾಸವೆಷ್ಟು?

3. ಫೈಲುಗಳ ಬಾಲಗಳು ಕಾಣುವಂತೆ ಮಾಡಿ, ನಿಮ್ಮ ಗಣಕದಲ್ಲಿ ಎಷ್ಟು ಬಗೆಯ ಬಾಲಗಳಿವೆ, ಯಾವುದು ಯಾವುದರ ಗುರುತು ಎಂದು ಕೋಷ್ಟಕ ಬರೆಯಿರಿ.

4. ಪಿಂಗ್ ಪರೀಕ್ಷೆಯ ನಾಲ್ಕು ಹೆಜ್ಜೆಗಳನ್ನು ಗಣಕ ಚೆನ್ನಾಗಿರುವಾಗಲೇ ಮಾಡಿ, ಮಾರ್ದನಿಗೆ ಹಿಡಿದ ಮಿಲಿಸೆಕೆಂಡುಗಳನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಆರೋಗ್ಯವಂತನ ನಾಡಿ ಹೇಗಿರುತ್ತದೆಂದು ತಿಳಿದವನಿಗೆ ರೋಗಿಯ ನಾಡಿ ತಿಳಿಯುತ್ತದೆ.